ಮುಂಡರಗಿಯಿಂದ ತಂದ ಪಿಸ್ತೂಲು

ಮೊನ್ನೆ ಹೊಲಿಗೆ ಮಷೀನು ಬಿಗಿ ಹಿಡಿದಿದೆಯೆಂದು ಬೆಟಗೇರಿಯ ರಿಪೇರಿ ಅಂಗಡಿಗೆ ಒಯ್ದಿದ್ದೆ. ಅಂಗಡಿಯವರು ಅದರ ತಳ ಬಿಚ್ಚಿ, ಚಿಮಣಿ ಎಣ್ಣೆಯಲ್ಲಿ ಅದ್ದಿದ ಅರಿವೆಯಿಂದ ಒಳಗೆಲ್ಲ ಒರೆಸಿ, ಮೇಲೆ ಮಷೀನೆಣ್ಣೆ ಹನಿಸಿದರು. ಆ ಎರಡೂ ಎಣ್ಣೆ ಕೂಡಿದ ವಾಸನೆ ಮೂಗಿಗೆ ಬಂದದ್ದೇ ಮರದ ಬಾಕಿನ ಮೇಲೆ ಕೂತುಬಿಟ್ಟೆ.

“ಬಿಸಲಾಗ ಬಂದೀರಿ ಅಕ್ಕಾರ. ಚಾ ತರಸ್ಲೇನ್ರಿ?” ಎಂದರು ಅಂಗಡಿಯವರು.

“ಬ್ಯಾಡ್ರಿ. ಸುಮ್ನ ಕುಂತೇನಿ,” ಅಂದೆ.

ಬಿಸಿಲೇನಲ್ಲ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯ ಪಡಸಾಲೆಯಲ್ಲಿ ಶ್ರಾವಣದಿಂದ ದೀಪಾವಳಿಯವರೆಗೆ ಇದೇ ವಾಸನೆ ತುಂಬಿಕೊಂಡಿತ್ತು. ಆ ವರ್ಷ ನಮ್ಮವರು ಮುಂಡರಗಿಯಿಂದ ಒಂದು ಹಳೆಯ ಪಿಸ್ತೂಲು ತಂದು, ಅದನ್ನು ನಂಬಬಹುದೋ ಇಲ್ಲವೋ ಎಂದು ಪರೀಕ್ಷೆ ಮಾಡುತ್ತ ಕೂತಿದ್ದರು.

ನಮ್ಮವರ ಹೆಸರು ಫಕೀರಪ್ಪ. ಶಿರಹಟ್ಟಿ ಕಡೆಯ ಹಳ್ಳಿಯವರು; ಆ ಕಡೆ ಮನೆಗೊಬ್ಬ ಫಕೀರಪ್ಪನೋ ಫಕೀರವ್ವಳೋ ಇದ್ದೇ ಇರುತ್ತಾರೆ. ಸೈನ್ಯದಲ್ಲಿ ಅವರ ಕೆಲಸ ಗುಂಡು ಹೊಡೆಯುವುದಕ್ಕಿಂತ ಹೆಚ್ಚಾಗಿ ಹತ್ಯಾರಗಳ ದುರಸ್ತಿ. ಹವಾಲ್ದಾರರಾಗಿ ನಿವೃತ್ತಿಯಾಗಿ ಬಂದ ಮೇಲೆ ಗದಗಿನ ಬ್ಯಾಂಕೊಂದರ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ಬಹಳ ವರ್ಷ ನಿಂತರು. ವಯಸ್ಸಾಯಿತೆಂದು ಅದೂ ಬಿಟ್ಟಾಗ ಮನೆಯಲ್ಲಿ ಕೂತು ಅವರಿಗೆ ಹೊತ್ತು ಹೋಗುತ್ತಿರಲಿಲ್ಲ. ನಲ್ಲಿಯ ವಾಷರ್, ಕದದ ಬಿಜಾಗರಿ, ಓಣಿಯವರ ಸೈಕಲ್ಲು, ಎಲ್ಲ ಬಿಚ್ಚಿ ಬಿಚ್ಚಿ ಕೂಡಿಸುವರು. ಅಷ್ಟರಲ್ಲಿ ಗದಗಿನ ಬಂಗಾರದ ವ್ಯಾಪಾರಿಯೊಬ್ಬರು ಕರೆಸಿದರು. ಅವರ ಒಡವೆಗಳು ಕಾರಿನಲ್ಲಿ ಹುಬ್ಬಳ್ಳಿಗೆ, ಲಕ್ಷ್ಮೇಶ್ವರಕ್ಕೆ ಹೋಗಿಬರುತ್ತಿದ್ದವು. ಜೊತೆಗೆ ಕೂರಲು ನಂಬಿಗಸ್ತ ಮನುಷ್ಯ ಬೇಕು. ಕಾರಿನೊಳಗೆ ಉದ್ದ ಬಂದೂಕು ತಿರುಗುವುದಿಲ್ಲ. ಸ್ವಂತದ ಪಿಸ್ತೂಲು ಇರಬೇಕು. ದೀಪಾವಳಿಯ ಲಕ್ಷ್ಮೀಪೂಜೆ ಮುಗಿದ ಮರುದಿನದಿಂದ ಕೆಲಸ.

ಕಾರ್ಖಾನೆಯ ಹೊಸ ಪಿಸ್ತೂಲಿಗೆ ಹೆಸರು ಹಚ್ಚಿದರೆ ವರ್ಷಗಟ್ಟಲೆ ಕಾಯಬೇಕು ಎಂದು ತಿಳಿಯಿತು. ಮುಂಡರಗಿಯ ವೀರನಗೌಡರ ಹತ್ತಿರ ಒಂದು ಇದೆ, ವಯಸ್ಸಾಯಿತೆಂದು ಕೊಡುತ್ತಾರಂತೆ ಎಂಬ ಸುದ್ದಿ ಬಂತು.

“ಹಳೇದು ತಗೋಬೇಕೇನ್ರಿ?” ಎಂದು ನಾನು ಕೇಳಿದ್ದೆ.

“ಹೊಸಾದಿದ್ರ ಮಾಡಿದಾವ್ರು ಜವಾಬ್ದಾರಿ. ಹಳೇದಿದ್ರ ನಾನ ಜವಾಬ್ದಾರಿ. ನಾ ಪಾಸ್ ಅಂದ ಮ್ಯಾಲೆನ ಅದು ಗಾಡಿ ಹತ್ತೂದು ಗಿರಿಜಾ. ಅಲ್ಲೀತನಾ ಕಪಾಟಿನ್ಯಾಗ,” ಎಂದರು.

ಮುಂಡರಗಿಗೆ ನಾನೂ ಹೋಗಿದ್ದೆ. ಅಂಥ ವಸ್ತು ಯಾರ ಮನೆಯಿಂದ ನಮ್ಮ ಮನೆಗೆ ಬರುತ್ತದೆ ನೋಡಬೇಕು ಅನಿಸಿತ್ತು. ಮಿರುಗದ ಮಳೆ ಬಿದ್ದು ಎರೆಹೊಲಗಳೆಲ್ಲ ಕರ್ರಗೆ ಮಿಂಚುತ್ತಿದ್ದವು. ದೂರದ ಗುಡ್ಡದ ಮೇಲೆ ಗಾಳಿಯಂತ್ರದ ಪಂಖಗಳು ಬರ್ರೆಂದು ತಿರುಗುತ್ತಿದ್ದವು. ಗೌಡರ ಮನೆಯಲ್ಲಿ ಗೌಡಶಾನಿ ಚೂಡಾ, ಚಹಾ ತಂದಿಟ್ಟರು. ನಮ್ಮವರು ಪಿಸ್ತೂಲಿನ ಮಾತನ್ನೇ ಎತ್ತದೆ ತಲೆಬಾಗಿಲು ತೆರೆದು ಮುಚ್ಚಿದರು, ಗೋಡೆಯ ಗಡಿಯಾರ ನೋಡಿದರು, ಗೌಡರ ಹಳೆಯ ಜೀಪಿನ ಬಾನೆಟ್ ಎತ್ತಿಸಿದರು. ಗೌಡರಿಗೆ ಕೌತುಕ.

“ಹವಾಲ್ದಾರ್ರ, ಪಿಸ್ತೂಲು ನೋಡಾಕ ಬಂದೀರೋ, ಕನ್ಯಾ ನೋಡಾಕ ಬಂದೀರೋ? ಮನಿತನಾ ನೋಡಾಕತ್ತೀರಲ್ಲ!”

“ಮೊದಲು ಇಟಗೊಂಡಾವ್ರನ್ನ ನೋಡಬೇಕ್ರಿ ಗೌಡ್ರ. ಕದಾ ಕಿರ್ ಅಂತಿದ್ರೂ ಎಣ್ಣಿ ಹಾಕದಾವ್ರು ಪಿಸ್ತೂಲಿಗೆ ಹಾಕ್ತಾರೇನ್ರಿ?”

“ಪಾಸಾದ್ನೋ ಇಲ್ಲೋ?”

“ಕದಾ ಪಾಸ್. ಜೀಪು ಅರ್ಧಾ ಪಾಸ್,” ಎಂದು ನಮ್ಮವರು ನಕ್ಕರು.

ಆಮೇಲೆ ಪಿಸ್ತೂಲು ಬಂತು, ಕೆಂಪು ರೇಷ್ಮೆ ಖಣದಲ್ಲಿ ಸುತ್ತಿಕೊಂಡು. ಬಿಚ್ಚಿದರೆ ಕನ್ನಡಿಯ ಹಾಗೆ ಹೊಳೆಯಿತು. ನನಗೆ ಅದೇ ಮೆಚ್ಚಿಗೆಯಾಯಿತು. ನಮ್ಮವರು ಹೊಳಪಿನ ಕಡೆ ನೋಡಲೇ ಇಲ್ಲ. ಮೊದಲು ಗುಂಡು ತುಂಬುವ ಮ್ಯಾಗಜಿನ್ ತೆಗೆದು ಬದಿಗಿಟ್ಟರು. ನಳಿಗೆಯಲ್ಲಿ ಗುಂಡಿಲ್ಲವೆಂದು ಕಣ್ಣಿಂದ ನೋಡಿ, ನಂಬದೆ ಕಿರುಬೆರಳು ಹಾಕಿ ನೋಡಿದರು. ನಳಿಗೆಯ ಹಿಂದೆ ಬಿಳಿಯ ಕಾಗದ ಹಿಡಿದು ಬೆಳಕಿನತ್ತ ತಿರುಗಿಸಿದರು. ತಿರುಪುಗಳ ತಲೆ ಸವೆದಿವೆಯೇ ಎಂದು ಉಗುರಾಡಿಸಿದರು. ತಲೆ ಕಿತ್ತ ತಿರುಪಿದ್ದರೆ ಯಾರೋ ತಿಳಿಯದವರು ಕೈ ಹಾಕಿದ್ದಾರೆ ಎಂದು ಲೆಕ್ಕವಂತೆ. ಮೇಲಿನ ಸ್ಲೈಡನ್ನು ಮೆಲ್ಲಗೆ ಹಿಂದೆ ಎಳೆದು ಮೆಲ್ಲಗೆ ಬಿಟ್ಟರು. ಮ್ಯಾಗಜಿನ್ನಿನ ತುಟಿ ಸೊಟ್ಟಗಾಗಿದೆಯೇ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಕೊನೆಗೆ ಮೂಸಿದರು.

“ತೆಂಗಿನೆಣ್ಣಿ ವಾಸನಿ ಬರತೈತಲ್ರಿ?”

“ಮಹಾನವಮಿಗೆ ಖಂಡೇ ಪೂಜಿ ಮಾಡ್ತೇವಲ್ರಿ. ಕುಂಕುಮ ಹಚ್ಚಿ, ಎಣ್ಣಿ ಒರಸಿ, ಕಾಯಿ ಒಡದು. ದರ ವರ್ಷ ತಪ್ಪಿಲ್ಲ,” ಗೌಡರು ಹೆಮ್ಮೆಯಿಂದ ಹೇಳಿದರು. “ಗುಂಡಂತೂ ನಾ ಒಂದೂ ಹೊಡದಿಲ್ಲ. ಎಲೆಕ್ಷನ್ ಬಂದಾಗೊಮ್ಮೆ ಠಾಣೇಕ ಒಯ್ದು ಇಡೂದು, ತರೂದು. ನಮ್ಮೂರ ಕಳ್ಳರಿಗಿಂತ ಜಾಸ್ತಿ ಇದ ಠಾಣೆ ಕಂಡೈತಿ.”

ಎಲ್ಲರೂ ನಕ್ಕೆವು. ಅರ್ಜಿ, ಕಚೇರಿ, ಠಾಣೆ ಎಂದು ಎರಡು ತಿಂಗಳು ಓಡಾಡಿದ ಮೇಲೆ ಶ್ರಾವಣಕ್ಕೆ ಅದು ನಮ್ಮ ಮನೆಯ ಕಪಾಟಿಗೆ ಬಂತು.

ಅದೇ ವಾರ ಪಂಚಮಿ. ನಮ್ಮ ಮನೆಯಲ್ಲಿ ಬೇಸನ್ ಉಂಡಿ ಕಟ್ಟುವುದು ಅವರದೇ ಕೆಲಸ. ಹಿಟ್ಟು ಹುರಿಯುವುದು ನಾನು, ಕಟ್ಟುವುದು ಅವರು. ಅವರು ಕಟ್ಟಿದ ಉಂಡಿ ನೆಲಕ್ಕೆ ಬಿದ್ದರೂ ಒಡೆಯುತ್ತಿರಲಿಲ್ಲ. ಲಕ್ಷ್ಮೇಶ್ವರಕ್ಕೆ ಕೊಟ್ಟ ಮಗಳು ಸುಜಾತಾ ಹಬ್ಬಕ್ಕೆ ಬಂದಿದ್ದಳು. ಆ ವರ್ಷ ಅವರ ಉಂಡಿಗಳು ತಾಟಿನಲ್ಲಿ ಇಟ್ಟ ಕೂಡಲೇ ಬಿರಿದುಕೊಂಡವು.

“ತುಪ್ಪ ಕಮ್ಮಿ ಹಾಕೀಯೇನ?”

“ದರ ವರ್ಷ ಹಾಕಿದಷ್ಟ ಹಾಕೇನ್ರಿ.”

“ಹಂಗಾರ ಹಿಟ್ಟು ದಪ್ಪ ಬೀಸ್ಯಾರ.”

“ಅಪ್ಪಾಜಿ, ನಿಮ್ಮ ಉಂಡಿ ಫೇಲ್!” ಎಂದು ಸುಜಾತಾ ನಕ್ಕಳು. ಅವರೂ ನಕ್ಕರು. ಬಿರಿದ ಉಂಡಿಗಳನ್ನು ಬಟ್ಟಲಿಗೆ ಹಾಕಿಕೊಂಡು ಚಮಚದಿಂದ ತಿಂದೆವು.

ಗದಗಿನಿಂದ ಆಚೆ, ಗುಡ್ಡದ ಬುಡದಲ್ಲಿ, ಪೊಲೀಸರು ಗುಂಡು ಹಾರಿಸಿ ಕಲಿಯುವ ಒಂದು ಮೈದಾನವಿತ್ತು. ಊರಿನ ನಾಗರಿಕರಿಗೂ ಅಲ್ಲಿ ಆಗಾಗ ತರಬೇತಿ ನಡೆಯುತ್ತಿತ್ತು. ಕಲಿಸುವವರು ಇಮಾಮಸಾಬರು, ಎಲ್ಲರೂ ಅವರನ್ನು ಉಸ್ತಾದ ಎಂದೇ ಕರೆಯುವುದು. ಪರವಾನಗಿ ಇದ್ದವರು ಅವರ ಕಣ್ಣೆದುರು ತಮ್ಮ ಹತ್ಯಾರ ಹೊಡೆದು ನೋಡಬಹುದಿತ್ತು. ಹಿಂದೊಮ್ಮೆ ನಮ್ಮವರ ಒತ್ತಾಯಕ್ಕೆ ನಾನೂ ಅಲ್ಲಿ ಹೆಸರು ಬರೆಸಿ, ಓಣಿಯ ಹೆಣ್ಣುಮಕ್ಕಳ ಜೊತೆ ಗೋಣಿತಟ್ಟಿನ ಮೇಲೆ ಬೋರಲು ಮಲಗಿ ರೈಫಲ್ ಹೊಡೆದು ಬಂದಿದ್ದೆ. ಎರಡು ದಿನ ಭುಜ ನೋವಾಗಿತ್ತು.

ಶ್ರಾವಣದ ಕೊನೆಯಲ್ಲಿ ಅವರು ಮೊದಲ ಸಲ ಪಿಸ್ತೂಲು ಒಯ್ದರು. ದಾರಿಯುದ್ದಕ್ಕೂ ರೈತರು ಒಕ್ಕಲೆಂದು ಹೆಸರುಕಾಳಿನ ಬಳ್ಳಿ ಹಾಸಿದ್ದರಂತೆ, ಬೈಕು ಜಾರುತ್ತಿತ್ತಂತೆ. ಮಧ್ಯಾಹ್ನ ಬಂದವರು ಕಾಲು ತೊಳೆಯುತ್ತಲೇ ಹೇಳಿದರು: “ಜಾಮ್ ಆತು.”

“ಹಂಗಂದ್ರ?”

ತಿಳಿಸಿ ಹೇಳಿದರು. ಇಂಥ ಪಿಸ್ತೂಲು ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತದೆ. ಒಂದು ಗುಂಡು ಹಾರಿದ ಹೊಡೆತಕ್ಕೆ ಸ್ಲೈಡು ಹಿಂದೆ ಬಂದು, ಗುಂಡಿನ ಖಾಲಿ ಹಿತ್ತಾಳೆ ಚಿಪ್ಪಾದ ತೋಟಾವನ್ನು ಹೊರಗೆ ಒಗೆದು, ಮುಂದೆ ಹೋಗುವಾಗ ಇನ್ನೊಂದು ಗುಂಡನ್ನು ಎತ್ತಿಕೊಳ್ಳಬೇಕು. ಇದು ಎರಡನೆಯ ಗುಂಡಿಗೇ ಖಾಲಿ ತೋಟಾವನ್ನು ಪೂರ್ತಿ ಒಗೆಯದೆ ಬಾಯಲ್ಲೇ ಕಚ್ಚಿಕೊಂಡಿತು.

“ಗಾಡ್ಯಾಗ ಬಂಗಾರ ಇಟಗೊಂಡು ಕುಂತಾಗ ಹಿಂಗಾತಂದ್ರ? ಡ್ರೈವರ್ ಹುಡುಗ್ಗ ಹೊಸದಾಗಿ ಕೂಸು ಹುಟ್ಟೈತಿ. ಅವನ ಜೀವಾನೂ ಇದರ ಮ್ಯಾಲ ಐತಿ,” ಎಂದರು.

ಮರುದಿನ ಪಡಸಾಲೆಯಲ್ಲಿ ಹಳೆಯ ಧೋತರದ ತುಂಡು ಹಾಸಿ ಪಿಸ್ತೂಲನ್ನು ಪೂರ್ತಿ ಬಿಚ್ಚಿದರು. ಚಿಮಣಿ ಎಣ್ಣೆಯ ಬಟ್ಟಲು, ಹಲ್ಲುಜ್ಜುವ ಹಳೆಯ ಬ್ರಷ್ಷು, ನನ್ನ ಹೊಲಿಗೆ ಮಷೀನಿನ ಎಣ್ಣೆ. ನಾನು ಅಡುಗೆಮನೆಯಲ್ಲಿ ಪಲ್ಯದ ಬದನೆಕಾಯಿ ಹೆಚ್ಚುತ್ತಿದ್ದೆ, ಕೂಗಿದರು.

“ಏ ಗಿರಿಜಾ, ಬಾ ಇಲ್ಲೆ! ಕಳ್ಳ ಸಿಕ್ಕ!”

ಹೋಗಿ ನೋಡಿದರೆ ಬಿಳಿಯ ಧೋತರದ ಮೇಲೆ ಕೆಂಪು ಕಲೆ. ಸ್ಲೈಡು ಓಡಾಡುವ ಸಂದಿಯಲ್ಲಿ ವರ್ಷವರ್ಷದ ಕುಂಕುಮ ತೆಂಗಿನೆಣ್ಣೆಯ ಜೊತೆ ಸೇರಿ ಅರಗಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಅವರು ಕಡ್ಡಿಯಿಂದ ಕೆರೆದು ಕೆರೆದು ತೋರಿಸಿದರು. ಆ ದಿನ ಅವರ ಮುಖದಲ್ಲಿದ್ದ ಖುಷಿ ನನ್ನ ಕಣ್ಣಿಗೆ ಕಟ್ಟಿದೆ. ಊಟಕ್ಕೆ ಕೂತಾಗಲೂ ಅದೇ ಮಾತು: “ಗೌಡ್ರ ಭಕ್ತಿ ಸಲುವಾಗಿ ಪಿಸ್ತೂಲಿಗೆ ಮಲಬದ್ಧತಿ ಆಗಿತ್ತು ನೋಡು.”

ಮಧ್ಯೆ ಒಂದು ಸಣ್ಣ ಮಾತು. ಆ ದಿನ ಊಟಕ್ಕೆ ಉಳ್ಳಾಗಡ್ಡಿ ಇಟ್ಟಿದ್ದೆ. ಅದನ್ನು ಮುಷ್ಟಿಯಿಂದ ಗುದ್ದಿ ಒಡೆದು ರೊಟ್ಟಿಯ ಜೊತೆ ತಿನ್ನುವುದು ಅವರ ರೂಢಿ. ಆ ದಿನ ತಾಟನ್ನು ನನ್ನ ಕಡೆ ಸರಿಸಿ, “ಹೆಚ್ಚಿ ಕೊಡು,” ಎಂದರು. ಹೆಚ್ಚಿ ಕೊಟ್ಟೆ.

ಭಾದ್ರಪದದಲ್ಲಿ ಎರಡನೆಯ ಸಲ ಹೋದರು. ಮತ್ತೆ ಜಾಮ್. ಹಾಗಾದರೆ ಒಳಗಿನ ಸ್ಪ್ರಿಂಗು ಸವೆದಿದೆ ಎಂದರು. ಹುಬ್ಬಳ್ಳಿಯ ಬಂದೂಕಿನ ಅಂಗಡಿಯಿಂದ ಹೊಸ ಸ್ಪ್ರಿಂಗು ಬಂತು. ಅದನ್ನು ಕೂಡಿಸುವಾಗ ಹೆಬ್ಬೆರಳಿನಿಂದ ಒತ್ತಿ ಹಿಡಿಯಬೇಕಿತ್ತು. ಒತ್ತುವರು, ಪುಸಕ್ಕನೆ ಜಾರುವುದು. ಒಮ್ಮೆ ಹಾರಿ ದೇವರ ಜಗಲಿಯ ಕೆಳಗೆ ಹೋಯಿತು.

“ಭಾಳ ಬಿರುಸೈತಿ. ನೀ ಒತ್ತು, ನಾ ಕೀಲು ಹಾಕ್ತೇನಿ,” ಎಂದರು.

ನಾನು ಸೆರಗಿಗೆ ಕೈ ಒರೆಸಿಕೊಂಡು ಬಂದು ಒತ್ತಿದೆ. ಕೂತಿತು.

“ನಿನ್ನ ಹೆಬ್ಬಟ್ಟು ಛಲೋ ಐತಲ್ಲ!”

“ದಿನಾ ನಾದೂ ಕೈ ಅಲ್ಲೇನ್ರಿ,” ಅಂದೆ. ಇಬ್ಬರೂ ಮತ್ತೆ ನಮ್ಮ ನಮ್ಮ ಕೆಲಸಕ್ಕೆ ಹತ್ತಿದೆವು.

ಮಹಾನವಮಿಗೆ ಮುಂಚೆ ಮೂರನೆಯ ಸಲ ಹೋದಾಗ, ಹೊಸ ಸ್ಪ್ರಿಂಗು ಹಾಕಿದ್ದರೂ, ಅದು ಹಿಂದಿಗಿಂತ ಹೆಚ್ಚು ಸಿಕ್ಕಿಬಿತ್ತು. ಅವರು ಮಾತು ಕಡಿಮೆ ಮಾಡಿದರು. ಪೂಜೆಯ ದಿನ ನಾನು ಕುಡುಗೋಲು, ಈಳಿಗೆ, ಮಷೀನು ಎಲ್ಲಕ್ಕೂ ಕುಂಕುಮ ಹಚ್ಚಿ ಪಿಸ್ತೂಲಿನ ಹತ್ತಿರ ಬಂದಾಗ ಕೈ ಅಡ್ಡ ಹಿಡಿದರು.

“ಇದಕ್ಕ ದೂರಿಂದ ಕೈ ಮುಗಿ ಸಾಕು. ಇನ್ನೂ ಗೌಡ್ರ ಕುಂಕುಮಾನ ಬಿಟ್ಟಿಲ್ಲ.”

ದಸರೆಯ ಬನ್ನಿ ಕೊಟ್ಟು ತಗೊಂಡು ಆಯಿತು. ದೀಪಾವಳಿ ಹತ್ತಿರ ಬಂತು. ವ್ಯಾಪಾರಿಯವರ ಕಡೆಯಿಂದ ಎರಡು ಸಲ ಫೋನ್ ಬಂತು. ಸುಮ್ಮನೆ ಹೂಂ ಎಂದು ಕೆಲಸಕ್ಕೆ ಹೋಗಬಹುದಿತ್ತು. ಕಾರಿನಲ್ಲಿ ಪಿಸ್ತೂಲು ಹೊಡೆಯುವ ಪ್ರಸಂಗ ಯಾರಿಗೆ ಬರುತ್ತದೆ? ನಾನು ಹಾಗೆಯೇ ಹೇಳಿಯೂ ನೋಡಿದೆ. “ನಾ ಸುಳ್ಳು ಪಾಸ್ ಕೊಡಾಂವಲ್ಲ,” ಎಂದರು. ಕಡೆಗೆ ಪಿಸ್ತೂಲನ್ನು ಗೌಡರಿಗೆ ಹಿಂತಿರುಗಿಸುವುದೆಂದು ಠರಾಯಿಸಿ, ಅವರ ಕಣ್ಣೆದುರಿಗೇ ಜಾಮ್ ಆಗಿ ತೋರಿಸಬೇಕೆಂದು ಮೈದಾನಕ್ಕೆ ಕರೆಸಿದರು. ನನಗೂ ಬಾ ಎಂದರು. “ಬೈಕಿನ ಕೈಬ್ರೇಕು ಬಿಗಿ ಆಗೇತಿ, ಒಬ್ಬನ ಹೋದ್ರ ಬ್ಯಾಸರ,” ಎಂದರು. ಅವರು ಹಾಗೆ ಎಂದೂ ಕರೆದವರಲ್ಲ. ನಾನು ಬುತ್ತಿ ಕಟ್ಟಿಕೊಂಡು ಹಿಂದೆ ಕೂತೆ.

ಹಿಂಗಾರಿನ ಮೋಡ ಹರಿದು ಬಿಸಿಲು ಹೊಳೆಯುವ ಮುಂಜಾನೆ. ಗೌಡರು ಕಾರಿನಿಂದ ಇಳಿಯುತ್ತಲೇ ಕೂಗಾಡಿದರು.

“ನಾ ಕೆಟ್ಟ ಮಾಲು ಕೊಡೂ ಪೈಕಿ ಅಲ್ರಿ ಹವಾಲ್ದಾರ್ರ! ದೇವರಂಗ ಇಟ್ಟಿದ್ದೆ ಅದನ್ನ.”

“ದೇವರಂಗ ಇಟ್ಟದ್ದ ತಪ್ಪಾಗೇತ್ರಿ. ದನದಂಗ ದುಡಸಬೇಕಿತ್ತು,” ಎಂದರು ನಮ್ಮವರು.

ನಮ್ಮವರು ಹೊಡೆದರು. ಮೂರನೆಯದಕ್ಕೆ ಸಿಕ್ಕಿಬಿತ್ತು. ತೆಗೆದು ಮತ್ತೆ ಹೊಡೆದರು, ಮತ್ತೆ ಸಿಕ್ಕಿಬಿತ್ತು. ಗೌಡರು ಬಾಯಿ ಮುಚ್ಚಿದರು. ಉಸ್ತಾದರು ಸುಮ್ಮನೆ ಪಿಸ್ತೂಲನ್ನು ಇಸಿದುಕೊಂಡು, ಅದೇ ಪೆಟ್ಟಿಗೆಯ ಗುಂಡು ತುಂಬಿ ಹೊಡೆದರು. ಕೊನೆಯವರೆಗೂ ಒಂದೂ ನಿಲ್ಲಲಿಲ್ಲ.

“ಈಗೇನಂತೀರಿ?” ಗೌಡರು ಮತ್ತೆ ಜೀವ ತುಂಬಿಕೊಂಡರು.

ನಮ್ಮವರು ಸೋಲಲಿಲ್ಲ. “ಉಸ್ತಾದರ ಕೈ ನುರಿತ ಕೈ. ಅವರ ಕೈಯಾಗ ಕೆಟ್ಟ ಪಿಸ್ತೂಲೂ ಕೇಳತೈತಿ. ಹತ್ಯಾರ ನಂಬಿಗಸ್ತ ಐತಿ ಅನಬೇಕಂದ್ರ ಪಿಸ್ತೂಲು ಎಂದೂ ಹಿಡೀದಾವ್ರ ಕೈಯಾಗೂ ನಡೀಬೇಕು,” ಎಂದು ಸುತ್ತ ನೋಡಿ ನನ್ನ ಕಡೆ ಬೆರಳು ಮಾಡಿದರು. “ಅಕಿ ಕೈಯಾಗ ಕೊಡ್ರಿ. ರೈಫಲ್ ಹೊಡದಾಳ, ಪಿಸ್ತೂಲು ಮುಟ್ಟಿಲ್ಲ. ಅಕಿ ಕೈಯಾಗ ಜಾಮ್ ಆಗಲಿಲ್ಲಂದ್ರ ನಾನ ತಪ್ಪು.”

“ನನ್ನ ಯಾಕ ನಡಬರಕ ತರ್ತೀರ್ರಿ,” ಅಂದೆ. ಉಸ್ತಾದರು ನಕ್ಕು, “ಬರ್ರಿ ಅಕ್ಕಾರ. ರೊಟ್ಟಿ ಬಡಿಯೂ ಕೈಗೆ ಇದೇನು ಲೆಕ್ಕ,” ಎಂದು ನನ್ನ ಹಿಂದೆ ನಿಂತು, ಎರಡೂ ಕೈ ಹೇಗೆ ಹಿಡಿಯಬೇಕು ತೋರಿಸಿದರು. ನಮ್ಮವರ ಮಾತು ಗೆಲ್ಲಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಜಾಮ್ ಆಗಲಿ ದೇವರೇ, ಇವರ ಮುಖ ಉಳಿಯಲಿ ಎಂದುಕೊಂಡು ಟ್ರಿಗರ್ ಎಳೆದೆ.

ಖಾಲಿ ತೋಟಾ ಬಲಗಡೆ ಹಾರಿ ಹುಲ್ಲಿನಲ್ಲಿ ಬಿತ್ತು. ಮತ್ತೆ ಎಳೆದೆ. ಮತ್ತೆ ಹಾರಿತು. ಒಂದರ ಹಿಂದೆ ಒಂದು ಹಾರುತ್ತಲೇ ಹೋದವು. ಕೊನೆಯ ಗುಂಡಿನ ಮೇಲೆ ಸ್ಲೈಡು ಹಿಂದೆ ಬಂದು ಬಾಯಿ ತೆರೆದು ನಿಂತಿತು. ಎಲ್ಲ ಮುಗಿಯಿತು ಎಂದು ಅದರ ಗುರುತು.

ಗೌಡರು ಕೈ ತಟ್ಟಿ ನಕ್ಕರು. “ಏನ್ರಿ ಮಿಲ್ಟ್ರಿ! ನಮ್ಮ ತಂಗಿ ಕೈಯಾಗ ಹೆಂಗ ಓಡ್ತು ನೋಡ್ರಿ! ಇನ್ನ ಮ್ಯಾಲೆ ಬಂಗಾರ ಕಾಯಾಕ ಅಕಿನ್ನ ಕಳಸ್ರಿ, ನೀವು ರೊಟ್ಟಿ…”

ಅಷ್ಟಕ್ಕೇ ನಿಲ್ಲಿಸಿದರು. ನಾನೂ ತಿರುಗಿ ನೋಡಿದೆ. ನಮ್ಮವರು ಪಿಸ್ತೂಲನ್ನಾಗಲೀ ನಮ್ಮನ್ನಾಗಲೀ ನೋಡುತ್ತಿರಲಿಲ್ಲ. ತಮ್ಮ ಬಲಗೈಯನ್ನು ನೋಡಿಕೊಳ್ಳುತ್ತಿದ್ದರು. ಎಷ್ಟೋ ಸಾವಿರ ಹತ್ಯಾರಗಳನ್ನು ಬಿಚ್ಚಿ ಕೂಡಿಸಿದ ಮನುಷ್ಯ. ಇಂಥ ಪಿಸ್ತೂಲು ಹಿಂದೆ ಒದೆಯುವಾಗ ಹಿಡಿದ ಮಣಿಕಟ್ಟು ಗಟ್ಟಿಯಾಗಿ ತಡೆದರೆ ಮಾತ್ರ ಸ್ಲೈಡು ಪೂರ್ತಿ ಓಡುತ್ತದೆ, ಕೈ ಸಡಿಲಿದ್ದರೆ ಅರ್ಧಕ್ಕೇ ನಿಲ್ಲುತ್ತದೆ ಎಂಬುದು ಅವರಿಗೆ ತಿಳಿಯದ್ದೇನಲ್ಲ. ಎಷ್ಟೋ ಹೊಸ ಹುಡುಗರಿಗೆ ಅದನ್ನೇ ಹೇಳಿ ಬೈದವರು. ಕುಂಕುಮ, ಸ್ಪ್ರಿಂಗು, ಮ್ಯಾಗಜಿನ್ನು ಎಲ್ಲವನ್ನೂ ಪರೀಕ್ಷೆ ಮಾಡಿದವರಿಗೆ ಅದೊಂದೇ ಹೊಳೆದಿರಲಿಲ್ಲ.

ಉಸ್ತಾದರು ಹತ್ತಿರ ಹೋಗಿ ತಮ್ಮ ಕೈ ಚಾಚಿದರು. “ಹವಾಲ್ದಾರ್ರ, ನನ್ನ ಕೈ ಒಮ್ಮೆ ಹಿಡೀರಿ.”

ಹಿಡಿದರು.

“ಗಟ್ಟಿ ಹಿಡೀರಿ.”

“ಹಿಡದೇನಲ್ರಿ,” ಎಂದರು ನಮ್ಮವರು.

ಗಾಳಿಗೆ ಗುರಿಯ ಕಾಗದ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಕಟ್ಟಿಕೊಂಡು ಹೋದ ಬುತ್ತಿಯನ್ನು ಯಾರೂ ಬಿಚ್ಚಲಿಲ್ಲ.

ಬೈಕನ್ನು ಮೈದಾನದಲ್ಲೇ ಬಿಡಿಸಿ, ಗೌಡರು ತಮ್ಮ ಕಾರಿನಲ್ಲೇ ನಮ್ಮನ್ನು ಮನೆಗೆ ಬಿಟ್ಟರು. ದಾರಿಯುದ್ದಕ್ಕೂ ಒಂದೇ ಸವನೆ ಮಾತು. “ಇಲ್ರಿ, ನಂಗನಸ್ತೈತಿ ಪಿಸ್ತೂಲಾಗ ಏನೋ ದೋಷ ಐತಿ. ಇವತ್ತು ಹೆಂಗೋ ನಡೀತು. ಭಾಳ ವರ್ಷ ಠಾಣ್ಯಾಗ ಬಿದ್ದಿತ್ತಲ್ರಿ, ಥಂಡಿ ಹಿಡದಿರಬೇಕು. ನಾ ವಾಪಸ್ ಒಯ್ತೇನಿ, ನಂದ ತಪ್ಪು.” ನಮ್ಮವರು ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದರು, “ಗೌಡ್ರ, ಅದರ ಹೆಸರು ಕೆಡಸಬ್ಯಾಡ್ರಿ. ಪಿಸ್ತೂಲು ಖರೆ ಐತಿ.” ಗೌಡರು ಕನ್ನಡಿಯಲ್ಲಿ ನನ್ನನ್ನು ನೋಡಿದರು. ಅವರ ಕಣ್ಣು ತುಂಬಿತ್ತು.

ಹುಬ್ಬಳ್ಳಿಯ ದೊಡ್ಡ ಡಾಕ್ಟರು ಅವರ ಅಂಗೈಯನ್ನು ತಿರುಗಿಸಿ, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಬಿದ್ದಿದ್ದ ತಗ್ಗನ್ನು ನನಗೆ ತೋರಿಸಿದರು. ದಿನಾ ಊಟಕ್ಕೆ ಬಡಿಸುವಾಗ ಕಾಣುತ್ತಿದ್ದ ಕೈ. ವಯಸ್ಸಿಗೆ ಸೊರಗಿದೆ ಅಂದುಕೊಂಡಿದ್ದೆ. ಸೂಜಿ ಚುಚ್ಚಿ, ತಂತಿ ಹಚ್ಚಿ ಏನೇನೋ ನೋಡಿದ ಮೇಲೆ, ಇದು ನರಗಳು ಒಣಗುತ್ತ ಹೋಗುವ ರೋಗ, ಕೈಯಿಂದ ಶುರುವಾಗಿದೆ, ಮುಂದೆ ಕಾಲು, ನಾಲಿಗೆ, ಉಸಿರು ಎಂದರು. ವಾಸಿ ಮಾಡುವ ಔಷಧ ಇನ್ನೂ ಇಲ್ಲವೆಂದರು.

“ಸ್ಪೇರ್ ಪಾರ್ಟ್ ಸಿಗೂದಿಲ್ಲೇನ್ರಿ ಸಾಹೇಬ್ರ?” ಎಂದು ನಮ್ಮವರು ಕೇಳಿದರು. ಡಾಕ್ಟರು ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ ಕೂತರು.

ಲಕ್ಷ್ಮೀಪೂಜೆಯ ದಿನ ತಾವೇ ವ್ಯಾಪಾರಿಯ ಅಂಗಡಿಗೆ ಹೋಗಿ ಹೇಳಿಬಂದರು. ಝಗಝಗಿಸುವ ದೀಪಗಳ ನಡುವೆ, ಹೊಸ ಬಟ್ಟೆ ಹಾಕಿಕೊಂಡ ಜನರ ನಡುವೆ ನಿಂತು, “ಪಿಸ್ತೂಲು ಪಾಸಾತ್ರಿ. ನಾ ಆಗಲಿಲ್ಲ,” ಎಂದರಂತೆ. ವ್ಯಾಪಾರಿಯವರು ಪೇಢೆ ಕೊಟ್ಟರಂತೆ. ನಮ್ಮವರು ಅದನ್ನು ಮನೆಗೆ ತಂದು ನನ್ನ ಕೈಯಲ್ಲಿಟ್ಟರು.

ಮುಂದಿನದು ಬೇಗ ಬೇಗ ಆಯಿತು. ಸಂಕ್ರಾಂತಿಗೆ ಅಂಗಿಯ ಗುಂಡಿ ನಾನು ಹಾಕುತ್ತಿದ್ದೆ. ಹೋಳಿ ಹುಣ್ಣಿವೆಗೆ ತುತ್ತು ನಾನು ಮಾಡಿ ಬಾಯಿಗೆ ಇಡುತ್ತಿದ್ದೆ. ಬೇಸಿಗೆ ಏರುವ ಹೊತ್ತಿಗೆ ಮಾತು ಹತ್ತಿ ತುಂಬಿಕೊಂಡ ಬಾಯಿಯಿಂದ ಬಂದ ಹಾಗೆ ಬರುತ್ತಿತ್ತು. ಮಗಳಿಗೂ ತಿಳಿಯುತ್ತಿರಲಿಲ್ಲ. ನನಗೊಬ್ಬಳಿಗೇ ತಿಳಿಯುತ್ತಿತ್ತು, ತುಟಿ ನೋಡಿ, ಕಣ್ಣು ನೋಡಿ ಹಿಡಿಯುತ್ತಿದ್ದೆ.

ಆಗ ಡಂಬಳದ ನಿಂಗಪ್ಪನೆಂಬವರು ಪಿಸ್ತೂಲು ಕೇಳಿಕೊಂಡು ಬಂದರು. ಅವರೂ ಸೈನ್ಯದಿಂದ ನಿವೃತ್ತರಾಗಿ ಕಾವಲಿನ ಕೆಲಸ ಹಿಡಿದವರು. ನಮ್ಮವರ ಹಾಸಿಗೆಯ ಬದಿಗೆ ಕುರ್ಚಿ ಹಾಕಿ, ಅದೇ ಧೋತರದ ತುಂಡಿನ ಮೇಲೆ ಪಿಸ್ತೂಲು ಇಟ್ಟೆ. ನಿಂಗಪ್ಪನವರು ಹೊಳಪು ನೋಡಿ ತಲೆದೂಗಿದರು. ನಮ್ಮವರು ಕಣ್ಣಿನಿಂದಲೇ ಮ್ಯಾಗಜಿನ್ ಕಡೆ ತೋರಿಸಿದರು. ಬಿಳಿಯ ಕಾಗದ ತರಿಸಿ ನಳಿಗೆ ತೋರಿಸಿದರು. ನಿಂಗಪ್ಪನವರು ಎಲ್ಲ ನೋಡಿ ಕೇಳಿದರು.

“ಅಣ್ಣಾರ, ತಪ್ಪು ತಿಳೀಬ್ಯಾಡ್ರಿ. ಇದು ಯಾವಾಗರ ಜಾಮ್ ಆಗೇತೇನ್ರಿ?”

ನಾನು ಇಲ್ಲ ಎನ್ನಲು ಬಾಯಿ ತೆರೆದೆ. ನಮ್ಮವರು ನನ್ನನ್ನು ನೋಡಿ ಏನೋ ಹೇಳಿದರು. ಅದನ್ನು ನಾನು ತಿರುಗಿಸಿ ಹೇಳಲೇಬೇಕಾಯಿತು.

“ಆಗೇತಿ ಅಂತಾರ. ಅವರು ಹೊಡದಾಗೆಲ್ಲಾ ಆಗೇತಿ ಅಂತ.”

ನಿಂಗಪ್ಪನವರು ಪಿಸ್ತೂಲಿನ ಮೇಲಿದ್ದ ಕೈ ತೆಗೆದರು. ನಮ್ಮವರು ನಿಧಾನವಾಗಿ, ಒಂದೊಂದೇ ಮಾತು ಎಳೆದು ಎಳೆದು, ಉಸಿರು ಸಾಲದೆ ನಡುನಡುವೆ ನಿಂತು ಹೇಳಿದರು. ನಾನು ಹಿಂದಿನಿಂದ ಹೇಳುತ್ತ ಹೋದೆ.

“ಕೈ ಹೋಗಿತ್ತು ಅಂತಾರ. ಗೊತ್ತಾಗಿರಲಿಲ್ಲ ಅಂತ. ಪಿಸ್ತೂಲಿಂದು ತಪ್ಪಿಲ್ಲ ಅಂತಾರ. ಮನಿಯಾಕಿ ಕೈಯಾಗ ಕೊಟ್ಟಿದ್ದೆ, ಅಕಿ ಹೊಡದ್ಲು, ಒಂದೂ ನಿಲ್ಲಲಿಲ್ಲ ಅಂತಾರ. ಅಕಿ ಕೈ ಗಟ್ಟಿ ಐತಿ ಅಂತಾರ.”

ನನ್ನನ್ನೇ ನಾನು ಅಕಿ ಎನ್ನುತ್ತ ಧೋತರದ ಅಂಚು ಸರಿ ಮಾಡಿದೆ. ನಿಂಗಪ್ಪನವರು ಎದ್ದು ನಿಂತು ಕಾಲು ಜೋಡಿಸಿ ಸೆಲ್ಯೂಟ್ ಹೊಡೆದರು. ಕಾಗದಪತ್ರದ ಕೆಲಸವೆಲ್ಲ ಮುಗಿದ ಮೇಲೆ ಪಿಸ್ತೂಲು ಡಂಬಳಕ್ಕೆ ಹೋಯಿತು.

ಒಯ್ದ ದಿನ ಸಂಜೆ ಹಾಸಿಗೆ ಸರಿ ಮಾಡುತ್ತಿದ್ದೆ. ಅವರು ನನ್ನನ್ನು ನೋಡುತ್ತ ಒಂದು ಮಾತು ಹೇಳಿದರು. ತಿಳಿಯಲಿಲ್ಲ. ಬಗ್ಗಿ ಕಿವಿಗೊಟ್ಟೆ. ಮತ್ತೆ ಹೇಳಿದರು. ಉದ್ದನೆಯ ಮಾತೇ. ಎಲ್ಲರಿಗೂ ಅವರ ಮಾತು ತಿಳಿಸಿ ಹೇಳುವ ನನಗೆ ಅದು ತಿಳಿಯಲಿಲ್ಲ. ಮೂರನೆಯ ಸಲ ಹೇಳುವಾಗ ಅವರ ಹಣೆಯ ಮೇಲೆ ಬೆವರು ಬಂತು, ಉಸಿರು ಏರಿತು. ಅವರು ದಣಿಯುವುದನ್ನು ನೋಡಲಾಗದೆ ನಾನು, “ಆತ್ರಿ. ಹಂಗ ಮಾಡ್ತೇನಿ,” ಅಂದುಬಿಟ್ಟೆ. ಅವರ ಮುಖ ಸಡಿಲವಾಯಿತು. ಸಮಾಧಾನದಿಂದ ಕಣ್ಣು ಮುಚ್ಚಿದರು. ಆಮೇಲೆ ಅವರು ಮಾತಾಡಲಿಲ್ಲ. ಕಾರಹುಣ್ಣಿವೆಯ ಹಿಂದುಮುಂದು ಹೋದರು.

ಏನನ್ನು ಮಾಡುತ್ತೇನೆ ಎಂದೆನೋ ನನಗೆ ಗೊತ್ತಿಲ್ಲ. ಹಾಗಾಗಿ ಎಲ್ಲವನ್ನೂ ಮಾಡುತ್ತೇನೆ. ಹಿತ್ತಲಿನ ಕರಿಬೇವಿಗೆ ನೀರು ಹಾಕುತ್ತೇನೆ. ಸುಜಾತಾಳಿಗೆ ದಿನಾ ಫೋನ್ ಮಾಡುತ್ತೇನೆ. ಶಿರಹಟ್ಟಿಯಲ್ಲಿರುವ ಅವರ ತಂಗಿಗೆ ಹಬ್ಬಕ್ಕೆ ಕುಬಸದ ಅರಿವೆ ತಪ್ಪಿಸಿಲ್ಲ. ಒಬ್ಬಳೇ ಇದ್ದೇನೆಂದು ಅಡುಗೆ ಬಿಡುವುದಿಲ್ಲ. ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಮಾಡಿ ಉಣ್ಣುತ್ತೇನೆ. ಹೊರಗೆ ಹೋಗುವಾಗ ಚಿಲಕ ಎರಡು ಸಲ ಎಳೆದು ನೋಡುತ್ತೇನೆ. ಅಳುವುದನ್ನು ಕಡಿಮೆ ಮಾಡಿದ್ದೇನೆ. ಇವುಗಳಲ್ಲಿ ಯಾವುದೋ ಒಂದು ಆಗಿರಬೇಕು.